ಘಟ್ಟ ಹತ್ತಿ ಬಂದ ಹಳೇ ಎಸಿ ಮೆಷಿನ್: ವ್ಯಾಕ್ಯೂಮ್ 26ಕ್ಕೇ ನಿಲ್ಲುತ್ತಿದೆ, ಪಂಪ್ ಹೋಯ್ತಾ?

ಹಾಸನ ಗ್ಯಾರೇಜ್

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಇಷ್ಟು ದಿನ ಕಾರಿನ ಎಸಿ ಕೆಲಸ ಬಂದರೆ ಬೇರೆಯವರ ಹತ್ತಿರ ಕಳಿಸುತ್ತಿದ್ದೆ. ಹೋದ ತಿಂಗಳು ಮಂಗಳೂರಿನಲ್ಲಿ ಮುಚ್ಚುತ್ತಿದ್ದ ಒಂದು ವರ್ಕ್‌ಶಾಪ್‌ನಿಂದ ಸೆಕೆಂಡ್ ಹ್ಯಾಂಡ್ ಎಸಿ ಮೆಷಿನ್ ತಂದೆ. 2005ರ ಇಟಲಿ ಮಾಲು, 134ಎ ಅನ್ನೋ ಕೂಲಿಂಗ್ ಗ್ಯಾಸಿನದು. ಗಾಡಿಯಿಂದ ಗ್ಯಾಸ್ ಎಳೆಯುತ್ತೆ, ಪಂಪ್ ಹಾಕಿ ಒಳಗಿನ ಗಾಳಿ ತೆಗೆದು ವ್ಯಾಕ್ಯೂಮ್ ಮಾಡುತ್ತೆ, ತೂಕ ನೋಡಿ ತುಂಬುತ್ತೆ. ಡಿಸ್‌ಪ್ಲೇಯಲ್ಲಿ ಅರ್ಧ ಅಕ್ಷರ ಕಾಣಲ್ಲ, ಆದರೆ ಮುಳ್ಳಿನ ಗೇಜ್‌ಗಳು ಚೆನ್ನಾಗಿವೆ. 42 ಸಾವಿರ ಕೊಟ್ಟೆ.

ಅಲ್ಲಿ ನನ್ನ ಕಣ್ಣೆದುರೇ ಪಂಪ್ ಹಾಕಿ ತೋರಿಸಿದ್ದರು. ವ್ಯಾಕ್ಯೂಮ್ ಗೇಜಿನ ಮುಳ್ಳು 29 ಇಂಚು ದಾಟಿ ನಿಂತಿತ್ತು. ಟೆಂಪೋದಲ್ಲಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತಿ ಬಂದೆ. ಇಲ್ಲಿ ಅರ್ಧ ಗಂಟೆ ಓಡಿಸಿದರೂ 26 ಚಿಲ್ಲರೆಗೇ ನಿಲ್ಲುತ್ತೆ. ಇಲ್ಲಿನ ಒಬ್ಬರು ನೋಡಿ, ಪಂಪ್ ಹೋಗಿದೆ, ಹೊಸದಕ್ಕೆ 18 ಸಾವಿರ ಆಗುತ್ತೆ ಅಂದರು. ಮಾರಿದವರು ನನಗೆ ಟೋಪಿ ಹಾಕಿದರಾ ಅಂತ ತಲೆ ಕೆಟ್ಟಿದೆ.

ಇನ್ನೊಂದು. ಈವರೆಗೆ ಮೂರು ಗಾಡಿಗೆ ಗ್ಯಾಸ್ ಹಾಕಿದೆ. ಮೂರೂ ವಾಪಸ್ ಬಂದವು. ಹೈವೇಲಿ ಪರವಾಗಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಕೂಲಿಂಗೇ ಇಲ್ಲ ಅಂತಾರೆ. ವ್ಯಾಕ್ಯೂಮ್ ಸರಿಯಾಗಿ ಆಗದೆ ಹೀಗಾಗುತ್ತಿದೆ ಅಂತ ನನ್ನ ಲೆಕ್ಕ. ಸರೀನಾ?

ಕುಡ್ಲ ಕೂಲಿಂಗ್

ಮಾರಾಯ್ರೆ, ಟೋಪಿ ಅಂತ ಬರೆಯುವ ಮೊದಲು ಸ್ವಲ್ಪ ನಿಲ್ಲಿ. ನೀವೇ ನೋಡಿ ತಂದದ್ದಲ್ವಾ? ಇಲ್ಲಿ ಮಂಗಳೂರಲ್ಲಿ ನಮ್ಮ ಪಂಪ್ ಕೂಡ 29ರ ಮೇಲೆಯೇ ತೋರಿಸುವುದು. ದಾರಿಯಲ್ಲಿ ಯಾವುದಾದರೂ ಪೈಪಿನ ಜಾಯಿಂಟ್ ಸಡಿಲ ಆಗಿರಬಹುದು. ಶಿರಾಡಿ ರಸ್ತೆಯಲ್ಲಿ ಮನುಷ್ಯರ ಸೊಂಟವೇ ಸಡಿಲ ಆಗ್ತದೆ.

ಪೀಣ್ಯ ಹಳೇ ಕೈ

ಪಂಪ್ ಬದಲಿಸಬೇಡಿ. ದುಡ್ಡು ಜೇಬಲ್ಲೇ ಇರಲಿ.

ಆ ಮುಳ್ಳು ಒಳಗೆ ಎಷ್ಟು ಖಾಲಿಯಾಗಿದೆ ಅಂತ ಹೇಳುವುದಿಲ್ಲ. ಹೊರಗಿನ ಗಾಳಿಗೂ ಒಳಗಿನದಕ್ಕೂ ಎಷ್ಟು ವ್ಯತ್ಯಾಸ ಅನ್ನೋದನ್ನ ಹೇಳುತ್ತೆ. ಸಮುದ್ರದ ಪಕ್ಕ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 29.9 ಇಂಚು. ಅಲ್ಲಿ ಪೂರ್ತಿ ಖಾಲಿ ಮಾಡಿದರೆ ಮುಳ್ಳು ಅಲ್ಲೀವರೆಗೆ ಹೋಗುತ್ತೆ. ಹಾಸನ 900 ಮೀಟರ್‌ಗಿಂತ ಮೇಲಿದೆ. ಅಲ್ಲಿ ಹೊರಗಿನ ಗಾಳಿಯೇ 26 ಮುಕ್ಕಾಲು ಇಂಚಿನ ಆಸುಪಾಸು. ಇಲ್ಲದ ಗಾಳಿಯನ್ನ ಪಂಪ್ ಎಲ್ಲಿಂದ ತೆಗೆಯಬೇಕು?

ಬೆಂಗಳೂರಿನಲ್ಲೂ ಇದೇ ಕಥೆ. 27 ದಾಟಿದ ಮುಳ್ಳನ್ನು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಯಾರಾದರೂ ಇಲ್ಲಿ 29 ಬರುತ್ತೆ ಅಂದರೆ ಪಂಪ್ ಚೆನ್ನಾಗಿದೆ ಅಂತಲ್ಲ, ಅವರ ಗೇಜ್ ಝೀರೋ ತಪ್ಪಿದೆ ಅಂತ ಅರ್ಥ. ಪುಸ್ತಕದಲ್ಲಿ 29 ಅಂತ ಬರೆದಿರೋದು ಸಮುದ್ರ ಮಟ್ಟದ ಲೆಕ್ಕ. ಅದನ್ನ ನೋಡಿ ಎಷ್ಟು ಒಳ್ಳೇ ಪಂಪ್‌ಗಳು ಗುಜರಿಗೆ ಹೋದವೋ!

ಫೋನಿನಲ್ಲಿ ಬ್ಯಾರೋಮೀಟರ್ ಇದ್ದರೆ ನೋಡಿ ಹೇಳಿ. ಹವಾಮಾನದ ಆ್ಯಪ್ ತೋರಿಸೋದು ಬೇಡ, ಅದು ಸಮುದ್ರ ಮಟ್ಟಕ್ಕೆ ಪರಿವರ್ತಿಸಿದ ಲೆಕ್ಕ.

ಹಾಸನ ಗ್ಯಾರೇಜ್

ನನ್ನ ಫೋನಲ್ಲಿ ಇಲ್ಲ, ತಮ್ಮನ ಫೋನಲ್ಲಿ ಇತ್ತು. 902 ಮಿಲಿಬಾರ್ ತೋರಿಸಿತು.

ಪೀಣ್ಯ ಹಳೇ ಕೈ

902ನ್ನ 33.86ರಿಂದ ಭಾಗಿಸಿ. 26.6 ಇಂಚು. ನಿಮ್ಮ ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲೇ. ಮಾರಿದವರಿಗೆ ಒಂದು ಫೋನ್ ಮಾಡಿ ಚೆನ್ನಾಗಿ ಮಾತಾಡಿಬಿಡಿ.

ಆದರೂ ಒಂದು ಮಾತು. ಮುಳ್ಳು ಸರಿಯಾದ ಜಾಗಕ್ಕೆ ಬಂತು ಅಂದಮಾತ್ರಕ್ಕೆ ಕೆಲಸ ಆಯ್ತು ಅಂತಲ್ಲ. ನಾವು ವ್ಯಾಕ್ಯೂಮ್ ಹಾಕೋದೇ ಒಳಗಿನ ನೀರಿನ ಪಸೆ ಕುದಿದು ಹೊರಗೆ ಬರಲಿ ಅಂತ. 25 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ ಪಾದರಸದ 24 ಮಿಲಿಮೀಟರ್‌ಗಿಂತ ಕೆಳಗೆ ಬರಬೇಕು. ಅಂದರೆ ಆ ಕೊನೆಯ ಒಂದು ಇಂಚಿನಲ್ಲೇ ಇಡೀ ಆಟ. ಮುಳ್ಳಿಗೆ ಅಷ್ಟು ಸೂಕ್ಷ್ಮ ಗೊತ್ತಾಗಲ್ಲ. ಅದಕ್ಕೆ ಮೈಕ್ರಾನ್ ಗೇಜ್ ಬೇಕು. ಅದು ಹೊರಗಿನ ಗಾಳಿಯನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಮಂಗಳೂರಾದರೂ ಮಡಿಕೇರಿಯಾದರೂ ಒಂದೇ ಅಂಕಿ. ಪಂಪ್ ಒಂದಕ್ಕೇ ಹಾಕಿ ನೋಡಿ. 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್, ಕೆಳಗೆ ಇಳಿದರೆ ಪಂಪ್ ಗಟ್ಟಿಯಾಗಿದೆ.

ಪಂಪ್ ಎಣ್ಣೆ ಯಾವ ಬಣ್ಣ ಇದೆ?

ಹಾಸನ ಗ್ಯಾರೇಜ್

ನೋಡಿರಲಿಲ್ಲ. ಈಗ ನೋಡಿದೆ. ಹಾಲು ಜಾಸ್ತಿ ಹಾಕಿದ ಟೀ ಥರ ಇದೆ.

ಬೆಳಗಾವಿ ಎಸಿ

ಅಯ್ಯೋ, ಮೊದಲು ಅದನ್ನ ಚೆಲ್ಲಿ ರೀ! ನೀರು ಕುಡಿದ ಎಣ್ಣೆ ಅದು. ಆ ಎಣ್ಣೆ ಇಟ್ಟುಕೊಂಡು ಎಷ್ಟು ಹೊತ್ತು ಓಡಿಸಿದರೂ ಕೊನೆಯ ಆ ಒಂದು ಇಂಚು ಬರೋದಿಲ್ಲ. ಎಣ್ಣೆಯೊಳಗಿನ ನೀರೇ ಆವಿ ಆಗಿ ಪಂಪ್‌ನ ಹಿಡಿದು ಎಳೀತದೆ.

10 ನಿಮಿಷ ಪಂಪ್ ಓಡಿಸಿ ಬಿಸಿ ಮಾಡಿ, ಆಮೇಲೆ ಕೆಳಗಿನ ಪ್ಲಗ್ ಬಿಚ್ಚಿ. ತಣ್ಣಗಿದ್ದಾಗ ಬಿಚ್ಚಿದರೆ ಅರ್ಧ ಕೊಳೆ ಒಳಗೇ ಉಳಿಯುತ್ತದೆ. ಹೊಸ ಎಣ್ಣೆ ಹಾಕಿ ಐದು ನಿಮಿಷ ಓಡಿಸಿ, ಅದನ್ನೂ ಚೆಲ್ಲಿ, ಮತ್ತೆ ಹೊಸದು ಹಾಕಿ. ದುಡ್ಡು ಹಾಳು ಅನಿಸುತ್ತದೆ, ಆದರೆ ಪಂಪ್ ದುಡ್ಡಿನ ಮುಂದೆ ಏನೂ ಅಲ್ಲ. ವ್ಯಾಕ್ಯೂಮ್ ಪಂಪ್ ಎಣ್ಣೆ ಅಂತಲೇ ಕೇಳಿ ತಗೊಳ್ಳಿ. ಎಂಜಿನ್ ಆಯಿಲ್ ಬೇಡ, ಫ್ರಿಜ್ ಕಂಪ್ರೆಸರ್ ಎಣ್ಣೆನೂ ಬೇಡ. ಪಂಪ್ ಮೇಲೆ ಗ್ಯಾಸ್ ಬ್ಯಾಲಸ್ಟ್ ಅಂತ ಸಣ್ಣ ತಿರುಪು ಇದ್ದರೆ ಶುರುವಿನ ಕೆಲವು ನಿಮಿಷ ಅದನ್ನ ತೆರೆದಿಡಿ, ಆಮೇಲೆ ಮುಚ್ಚಿ. ಎಣ್ಣೆಗೆ ನೀರು ಸೇರೋದು ಎಷ್ಟೋ ಕಡಿಮೆ ಆಗುತ್ತದೆ. ಮಲೆನಾಡಿನ ಕಡೆ ಮಳೆಗಾಲದಲ್ಲಂತೂ ಅದಿಲ್ಲದೆ ಆಗಲ್ಲ.

ಇನ್ನೊಂದು ನೆನಪಾಯಿತು. ಹಳೇ ಮೆಷಿನ್‌ನಲ್ಲಿ ವ್ಯಾಕ್ಯೂಮ್ ಓಡುವಾಗ ಕರೆಂಟ್ ಹೋದರೆ ಜೋಕೆ. ಪಂಪ್ ಮುಂದಿನ ವಾಲ್ವ್ ಸರಿ ಮುಚ್ಚದಿದ್ದರೆ ಪಂಪ್ ಎಣ್ಣೆ ಉಲ್ಟಾ ಎಳಕೊಂಡು ಹೋಸ್‌ಗೆ, ಅಲ್ಲಿಂದ ಗಾಡಿಗೆ ಹೋಗುತ್ತದೆ. ನನಗೆ ಒಮ್ಮೆ ಆಗಿದೆ. ಗಿರಾಕಿ ಪಕ್ಕದಲ್ಲೇ ನಿಂತಿದ್ದ. ಅವತ್ತಿನ ಮರ್ಯಾದೆ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಗೇಜ್ ಇಲ್ಲದ ಮೆಕ್ಯಾನಿಕ್

ಇಷ್ಟೆಲ್ಲಾ ತಲೆಬಿಸಿ ಯಾಕೆ ಗುರು? 20 ವರ್ಷದಿಂದ ಕ್ಯಾನ್ ಮತ್ತು ಎರಡು ಗೇಜಿನಲ್ಲಿ ಗ್ಯಾಸ್ ಹಾಕುತ್ತಿದ್ದೇನೆ. ಲೋ ಸೈಡ್ ಪೈಪ್, ಅಂದರೆ ಕಂಪ್ರೆಸರ್‌ಗೆ ಗ್ಯಾಸ್ ವಾಪಸ್ ಬರುವ ತಣ್ಣನೆ ಪೈಪ್, ಮುಟ್ಟಿದರೆ ಗೊತ್ತಾಗುತ್ತೆ. ಬೆವರು ಬಂತು ಅಂದರೆ ಸಾಕು. ಮೆಷಿನ್ ಎಲ್ಲಾ ಶೋರೂಮ್‌ನವರ ಶೋಕಿ.

ಪೀಣ್ಯ ಹಳೇ ಕೈ

ನಿಮ್ಮ ಕೈ ಸುಳ್ಳು ಅಂತ ಹೇಳಲ್ಲ. 134ಎಗಿಂತ ಮೊದಲಿದ್ದ ಆರ್12 ಗ್ಯಾಸಿನ ಕಾಲದಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಪಸೆ ಹೀರುವ ಡ್ರೈಯರ್ ಡಬ್ಬಿ ಮೇಲೆ ಗಾಜು ಇರುತ್ತಿತ್ತು, ಗುಳ್ಳೆ ನಿಂತರೆ ಫುಲ್ ಅಂತ. ಆಗ ಗಾಡಿಗೆ ಹೆಚ್ಚೂ ಕಡಿಮೆ ಒಂದು ಕೆಜಿ ಹಿಡಿಯುತ್ತಿತ್ತು, 100 ಗ್ರಾಂ ಆಚೀಚೆ ಆದರೂ ನಡೆಯುತ್ತಿತ್ತು. ಈಗಿನ ಸಣ್ಣ ಕಾರಿಗೆ ಅರ್ಧ ಕೆಜಿನೂ ಬೇಡ. ಗಾಡಿ ಮುಂದೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಕೊಳವೆಗಳು ತೆಳು. 50 ಗ್ರಾಂ ಜಾಸ್ತಿ ಆದರೂ ಗೊತ್ತಾಗುತ್ತೆ. ಬಾನೆಟ್ ಕೆಳಗಿನ ಸ್ಟಿಕರ್ ನೋಡಿ, ಪ್ಲಸ್ ಮೈನಸ್ 20 ಗ್ರಾಂ ಅಂತೆಲ್ಲಾ ಬರೆದಿರುತ್ತೆ. ಬೆವರು ನೋಡಿ 20 ಗ್ರಾಂ ಹೇಳುವ ಕೈ ನನಗಂತೂ ಇಲ್ಲ.

ಹಾಸನದವರೇ, ವಾಪಸ್ ಬಂದ ಗಾಡಿಗಳ ಪ್ರೆಶರ್ ಎಷ್ಟಿತ್ತು? ಅದನ್ನ ನೀವು ಹೇಳಲೇ ಇಲ್ಲ.

ಹಾಸನ ಗ್ಯಾರೇಜ್

ಒಂದು ಹ್ಯಾಚ್‌ಬ್ಯಾಕ್ ಈಗ ಇಲ್ಲೇ ಇದೆ. ಸ್ಟಿಕರ್ 380 ಗ್ರಾಂ. ಡಿಸ್‌ಪ್ಲೇಯಲ್ಲಿ ಸರಿಯಾಗಿ 380 ನೋಡೇ ಹಾಕಿದ್ದು. ನಿಂತಲ್ಲೇ ಹೈ ಸೈಡ್ 290 ಪಿಎಸ್‌ಐ, ಲೋ ಸೈಡ್ 50ರ ಮೇಲೆ. ಫ್ಯಾನ್ ಓಡುತ್ತಿದೆ. ಕಂಡೆನ್ಸರ್ ಮೇಲೆ ಒಂದು ಬಕೆಟ್ ನೀರು ಹೊಯ್ದರೆ ತಕ್ಷಣ ತಣ್ಣಗೆ ಬರುತ್ತೆ, ಐದು ನಿಮಿಷಕ್ಕೆ ಮತ್ತೆ ಅದೇ ಹಾಡು. ಇನ್ನೊಂದು ಗಾಡಿಗೆ ಕೂಲಿಂಗ್ ಕಡಿಮೆ ಅಂತ 50 ಗ್ರಾಂ ಮೇಲೆ ಹಾಕಿದ್ದೆ. ಅದು ಇನ್ನೂ ಕೆಟ್ಟಿತು.

ಪೀಣ್ಯ ಹಳೇ ಕೈ

ಎರಡೂ ಕಡೆ ಪ್ರೆಶರ್ ಜಾಸ್ತಿ, ನೀರು ಹೊಯ್ದರೆ ಸರಿ. ಗಾಡಿಗೆ ಗ್ಯಾಸ್ ಕಡಿಮೆ ಆಗಿಲ್ಲ ಸ್ವಾಮಿ, ಜಾಸ್ತಿ ಆಗಿದೆ. ಇಲ್ಲ ಅಂದರೆ ಗ್ಯಾಸ್ ಜೊತೆ ಗಾಳಿ ಹೋಗಿದೆ. ಎರಡೂ ಇರಬಹುದು.

ಮೆಷಿನ್ ತರುವಾಗ ತಕ್ಕಡಿಯ ಲಾಕ್ ಸ್ಕ್ರೂ ಹಾಕಿದ್ದಿರಾ?

ಹಾಸನ ಗ್ಯಾರೇಜ್

ಯಾವ ಸ್ಕ್ರೂ?

ಪೀಣ್ಯ ಹಳೇ ಕೈ

ಅದೇ ನೋಡಿ.

ಮೆಷಿನ್ ಒಳಗಿನ ಗ್ಯಾಸ್ ಟ್ಯಾಂಕ್ ತೂಕ ಅಳೆಯುವ ಒಂದು ಲೋಡ್ ಸೆಲ್ ಮೇಲೆ ಕೂತಿದೆ. ಗಾಡಿಗೆ ಎಷ್ಟು ಹೋಯ್ತು ಅಂತ ಮೆಷಿನ್‌ಗೆ ಗೊತ್ತಾಗೋದು ಟ್ಯಾಂಕ್ ತೂಕ ಎಷ್ಟು ಇಳೀತು ಅನ್ನೋದರಿಂದ ಮಾತ್ರ. ಸಾಗಿಸುವಾಗ ಟ್ಯಾಂಕ್ ಕುಣಿಯಬಾರದು ಅಂತ ತಕ್ಕಡಿ ಕೆಳಗೆ ಒಂದು ಸ್ಕ್ರೂ ಕೊಟ್ಟಿರುತ್ತಾರೆ. ಸುಮಾರು ಎಲ್ಲಾ ಹಳೇ ಮೆಷಿನ್‌ಗಳಲ್ಲೂ ಇದೆ. ಅದನ್ನ ಬಿಗಿ ಮಾಡದೆ ಘಾಟಿ ಹತ್ತಿಸಿದರೆ ತಕ್ಕಡಿ ಏನಾದರೂ ಆಗಿರುತ್ತೆ.

ಪರೀಕ್ಷೆ ಸುಲಭ. ಪಕ್ಕದ ದಿನಸಿ ಅಂಗಡಿಯಿಂದ ಸೀಲ್ ಹೊಡೆದ ತೂಕದ ಬಟ್ಟು ಒಂದು ಕೆಜಿಯದ್ದು ಎರಡು ಸಾಲ ತನ್ನಿ. ಹಿಂದಿನ ಕವರ್ ಬಿಚ್ಚಿ. ಡಿಸ್‌ಪ್ಲೇ ಅಂಕಿ ಬರೆದುಕೊಳ್ಳಿ. ಟ್ಯಾಂಕ್ ಮೇಲೆ ಒಂದು ಬಟ್ಟು ಇಡಿ, ಬರೆಯಿರಿ. ಎರಡನೇದು ಇಡಿ, ಬರೆಯಿರಿ. ಎರಡನ್ನೂ ತೆಗೆದು ಮತ್ತೆ ಮೊದಲಿನ ಅಂಕಿಗೆ ಬರುತ್ತಾ ನೋಡಿ.

ಶಾರ್ಜಾ ಗ್ಯಾರೇಜಿನಿಂದ

ನಾನು ಮೂಲತಃ ಪುತ್ತೂರಿನವನು, ಶಾರ್ಜಾದಲ್ಲಿ ಎಸಿ ಕೆಲಸ. ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ, ಹಾಗಾಗಿ ಸ್ವಲ್ಪ ತಪ್ಪಿದರೂ ಗಿರಾಕಿ ಅದೇ ದಿನ ವಾಪಸ್. ಪೀಣ್ಯದ ಅಣ್ಣ ಹೇಳಿದ್ದು ಸರಿ. ಜೊತೆಗೆ ಟ್ಯಾಂಕ್ ಒಳಗೆ ಏನಿದೆ ಅಂತಲೂ ನೋಡಬೇಕು. ಹಳೇ ಮೆಷಿನ್ ಜೊತೆ ಬಂದ ಗ್ಯಾಸ್ ಯಾರ್ಯಾರ ಗಾಡಿಯಿಂದ ಎಳೆದದ್ದೋ ಯಾರಿಗೆ ಗೊತ್ತು.

ರಾತ್ರಿ ಮೆಷಿನ್ ಆಫ್ ಮಾಡಿ ಬಿಡಿ. ಟ್ಯಾಂಕ್‌ಗೆ ಹೀಟರ್ ಪಟ್ಟಿ ಇದ್ದರೆ ಅದೂ ಆಫ್. ಬೆಳಿಗ್ಗೆ ಶಟರ್ ತೆಗೆದ ಕೂಡಲೇ, ಬಿಸಿಲು ಬೀಳುವ ಮೊದಲು, ಟ್ಯಾಂಕ್ ಪಕ್ಕ ಎಷ್ಟು ಡಿಗ್ರಿ ಇದೆ, ಟ್ಯಾಂಕ್ ಪ್ರೆಶರ್ ಎಷ್ಟು ಇದೆ ಎರಡೂ ನೋಡಿ. ಶುದ್ಧ 134ಎ ಆದರೆ 24 ಡಿಗ್ರಿಗೆ ನಿಮ್ಮ ಊರಲ್ಲಿ ಗೇಜ್ ಸುಮಾರು 80 ಪಿಎಸ್‌ಐ ತೋರಿಸಬೇಕು. ಇಲ್ಲಿ ಸಮುದ್ರದ ಹತ್ತಿರ ಒಂದೂವರೆ ಕಡಿಮೆ. ಟ್ಯಾಂಕಲ್ಲಿ ಎರಡು ಕೆಜಿ ಇರಲಿ, ಎಂಟು ಕೆಜಿ ಇರಲಿ, ದ್ರವ ಇರುವ ತನಕ ಅಂಕಿ ಅದೇ. ಅದಕ್ಕಿಂತ ಜಾಸ್ತಿ ಇದ್ದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಬೇರೆ ಗ್ಯಾಸ್ ಸೇರಿದೆ.

ಹಾಸನ ಗ್ಯಾರೇಜ್

ಮಾಡಿದೆ. ಎರಡೂ ಮಾಡಿದೆ. ಕೂತು ಓದಿ.

ಮೊದಲು ತೂಕ. ಶೆಟ್ಟರ ಅಂಗಡಿಯ ಬಟ್ಟು ತಂದೆ. ಎಸಿ ಮೆಷಿನ್‌ಗೆ ಬೇಳೆ ತೂಗುತ್ತೀಯೇನೋ ಅಂತ ನಕ್ಕರು. ಒಂದು ಕೆಜಿ ಇಟ್ಟೆ: 810 ಗ್ರಾಂ. ಎರಡನೇದು ಇಟ್ಟೆ: 1,680. ಎರಡೂ ತೆಗೆದೆ: ಇನ್ನೂ 40 ಗ್ರಾಂ ಅಲ್ಲೇ ಉಳೀತು! ಲೋಡ್ ಸೆಲ್ ಸತ್ತೇ ಹೋಯ್ತು ಅಂದುಕೊಂಡೆ. ಆಮೇಲೆ ಟಾರ್ಚ್ ಹಾಕಿ ನೋಡಿದರೆ, ಟ್ಯಾಂಕ್ ಮೇಲಿಂದ ಬರುವ ಎರಡು ಹೋಸ್‌ಗಳನ್ನ ಯಾರೋ ಕೇಬಲ್ ಟೈ ಹಾಕಿ ಫ್ರೇಮ್‌ಗೆ ಬಿಗಿದು ಕಟ್ಟಿದ್ದಾರೆ. ಯಾರೋ ಏನು, ನಮ್ಮ ಹುಡುಗನೇ. ಟೆಂಪೋದಿಂದ ಇಳಿಸಿದಾಗ ಹೋಸ್ ಜೋತಾಡುತ್ತಿತ್ತು, ನೀಟಾಗಿರಲಿ ಅಂತ ಕಟ್ಟಿದೆ ಅಂದ.

ಕಟ್ಟರ್ ತಗೊಂಡು ಟೈ ಕತ್ತರಿಸಿದೆ. ಹೋಸ್ ಪಟ್ ಅಂತ ಎರಡು ಬೆರಳು ಕೆಳಗಿಳಿಯಿತು. ಮತ್ತೆ ಬಟ್ಟು ಇಟ್ಟೆ: 995. ಎರಡಕ್ಕೆ 1,990. ತೆಗೆದರೆ ಸೊನ್ನೆ.

ಲಾಕ್ ಸ್ಕ್ರೂ ಇರಬೇಕಾದ ಕಡೆ ಬರೀ ತೂತು ಇದೆ.

ಪೀಣ್ಯ ಹಳೇ ಕೈ

ಭಲೇ! ಲೋಡ್ ಸೆಲ್ ಉಳಿದಿದ್ದು ನಿಮ್ಮ ಅದೃಷ್ಟ.

ಯಾಕೆ ಹೀಗಾಯ್ತು ಅಂದರೆ, ಬಿಗಿದ ಹೋಸ್ ಒಂದು ಸ್ಪ್ರಿಂಗ್ ಥರ ಟ್ಯಾಂಕ್ ಹಿಡಿದುಕೊಂಡಿತ್ತು. ಟ್ಯಾಂಕ್ ಒಂದು ಕೆಜಿ ಹಗುರಾದರೆ ತಕ್ಕಡಿಗೆ ಕಾಣಿಸೋದು 810 ಗ್ರಾಂ. ಮೆಷಿನ್ ಪಾಪ, 380 ಆಗೋ ತನಕ ಹಾಕುತ್ತಲೇ ಇತ್ತು. ಗಾಡಿಗೆ ಹೋಗಿದ್ದು ಹತ್ತಿರ ಹತ್ತಿರ 470. ಅದರ ಮೇಲೆ ನೀವು 50 ಬೇರೆ ಹಾಕಿದ್ದೀರಿ ಇನ್ನೊಂದಕ್ಕೆ.

ನಿಮ್ಮ 2005ರ ಮೆಷಿನ್ ಹಳೇ ಕಾಲದ ಲೆಕ್ಕದ್ದು. ಆಮೇಲೆ ಅಮೆರಿಕದಲ್ಲಿ ಎಸ್‌ಎಇ ಜೆ2788 ಅಂತ ಮಾನದಂಡ ಬಂತು. ತುಂಬುವಾಗ 15 ಗ್ರಾಂಗಿಂತ ಜಾಸ್ತಿ ತಪ್ಪಬಾರದು, ಗಾಡಿಯಲ್ಲಿರುವ ಗ್ಯಾಸಿನ ನೂರಕ್ಕೆ 95 ಭಾಗ ಎಳೆಯಬೇಕು ಅಂತ. ಹಳೇದಕ್ಕೆ ಆ ಕಟ್ಟುಪಾಡು ಇರಲಿಲ್ಲ. ಗ್ಯಾಸ್ ಎಳೆದು ಮುಗೀತು ಅಂತ ಬೀಪ್ ಮಾಡಿದ ಮೇಲೂ ಐದು ನಿಮಿಷ ಕಾಯಿರಿ. ಕಂಪ್ರೆಸರ್ ಎಣ್ಣೆಯಲ್ಲಿ ಕರಗಿದ ಗ್ಯಾಸ್ ನಿಧಾನಕ್ಕೆ ಹೊರಬಂದು ಗೇಜ್ ಮತ್ತೆ ಏರುತ್ತೆ. ಆಗ ಇನ್ನೊಮ್ಮೆ ಎಳೆಯಿರಿ. ಎಳೆದಾಗ ಬಂದ ಎಣ್ಣೆ ಬಾಟಲಿಯಲ್ಲಿ ಎಷ್ಟು ಇದೆಯೋ ನೋಡಿ ಅಷ್ಟೇ ಹೊಸದು ವಾಪಸ್ ಹಾಕಿ. ಆ ಬಾಟಲಿ ತುಂಬಿ ತುಳುಕುವ ತನಕ ಯಾರೂ ನೋಡೋದೇ ಇಲ್ಲ.

ಟ್ಯಾಂಕ್ ಪ್ರೆಶರ್ ಏನಾಯ್ತು?

ಹಾಸನ ಗ್ಯಾರೇಜ್

ಬೆಳಿಗ್ಗೆ 24 ಡಿಗ್ರಿ. ಗೇಜ್ 105.

ಶಾರ್ಜಾ ಗ್ಯಾರೇಜಿನಿಂದ

25 ಜಾಸ್ತಿ. ಲೀಕ್ ಇದ್ದ ಗಾಡಿಗಳಿಂದ ಎಳೆದಾಗ ಗಾಳಿನೂ ಬಂದಿರುತ್ತದೆ. ಟ್ಯಾಂಕ್ ಮೇಲಿನ ಗಾಳಿ ಬಿಡುವ ಪರ್ಜ್ ವಾಲ್ವ್ ಸ್ವಲ್ಪವೇ ಸ್ವಲ್ಪ ತೆರೆಯಿರಿ, ಮುಚ್ಚಿ, 15 ನಿಮಿಷ ಕಾಯಿರಿ, ಮತ್ತೆ ನೋಡಿ. ಗಾಳಿ ಮೇಲ್ಗಡೆ ಸೇರಿರುತ್ತದೆ, ಹಾಗಾಗಿ ಮೊದಲು ಅದೇ ಹೋಗುತ್ತದೆ. ಒಮ್ಮೆಲೇ ಜೋರಾಗಿ ಬಿಟ್ಟರೆ ಗ್ಯಾಸೂ ಹೋಗುತ್ತದೆ, ಟ್ಯಾಂಕ್ ತಣ್ಣಗಾಗಿ ಪ್ರೆಶರ್ ಇಳಿದದ್ದು ನೋಡಿ ನೀವು ಮೋಸ ಹೋಗುತ್ತೀರಿ.

ಎರಡು ಮೂರು ಸಲ ಮಾಡಿದ ಮೇಲೂ 80ರ ಹತ್ತಿರ ಬರದಿದ್ದರೆ ಅದು ಗಾಳಿ ಅಲ್ಲ. ಆಗ ಆ ಗ್ಯಾಸ್ ಯಾವ ಗಾಡಿಗೂ ಹಾಕಬೇಡಿ. ಕ್ಯಾನ್ ಗ್ಯಾಸಿನಲ್ಲಿ ಹೈಡ್ರೋಕಾರ್ಬನ್ ಬೆರೆಸುವವರಿದ್ದಾರೆ, ಬೆಂಕಿ ಹಿಡಿಯುವ ಮಾಲು. ಇನ್ನೂ ಕೆಟ್ಟದ್ದು ಮೀಥೈಲ್ ಕ್ಲೋರೈಡ್, ಅಂದರೆ ಆರ್40. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ಉರಿಯುವ ವಸ್ತು ಆಗುತ್ತದೆ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಹಾಗೇ ಸಿಡಿದು ಕೆಲಸಗಾರರು ಸತ್ತರು. ಕ್ಯಾನ್ ತುಂಬಾ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿ ಪಡುವವರಿಗೆ ನಾನು ಇದೇ ಕಥೆ ಹೇಳುವುದು. ಇದು ಗೇಜ್ ಇಲ್ಲದ ಮೆಕ್ಯಾನಿಕ್ ಅಣ್ಣನಿಗೆ ಹೇಳಿದ್ದಲ್ಲ!

ಗೇಜ್ ಇಲ್ಲದ ಮೆಕ್ಯಾನಿಕ್

ಗೊತ್ತಾಯ್ತು ಬಿಡಿ, ನನಗೇ ಹೇಳಿದ್ದು. ನಾನು ಅಗ್ಗದ ಕ್ಯಾನ್ ತಗೊಳ್ಳಲ್ಲ. ಆದರೆ ಆ ಬಟ್ಟಿನ ಉಪಾಯ ಚೆನ್ನಾಗಿದೆ. ಇನ್ನು ಮೇಲೆ ಕ್ಯಾನನ್ನ ಅಡುಗೆಮನೆ ತಕ್ಕಡಿ ಮೇಲಾದರೂ ಇಟ್ಟು ಹಾಕುತ್ತೇನೆ. ಹೆಂಡತಿಗೆ ಹೇಳಬೇಡಿ.

ಒಂದು ಕೇಳಬೇಕಿತ್ತು. ಹೈಬ್ರಿಡ್ ಗಾಡಿ ಈ ಹಳೇ ಮೆಷಿನ್‌ಗೆ ಹಾಕಬಹುದಾ?

ಶಾರ್ಜಾ ಗ್ಯಾರೇಜಿನಿಂದ

ಬೇಡ. ಅವುಗಳ ಎಸಿ ಕಂಪ್ರೆಸರ್ ಹೈವೋಲ್ಟೇಜ್ ಕರೆಂಟಿನಲ್ಲಿ ಓಡುವುದು, ಮೋಟಾರ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಅದಕ್ಕೆ ಪಿಒಇ ಎಣ್ಣೆ. ನಿಮ್ಮ ಮೆಷಿನ್ ಹೋಸಿನ ತುಂಬಾ ಪಿಎಜಿ ಎಣ್ಣೆಯ ಪಸೆ ಇರುತ್ತದೆ. ಸ್ವಲ್ಪ ಒಳಗೆ ಹೋದರೂ ಇನ್ಸುಲೇಷನ್ ಕೆಡುತ್ತದೆ, ಗಾಡಿ ಫಾಲ್ಟ್ ತೋರಿಸಿ ನಿಲ್ಲುತ್ತದೆ. ಕಂಪ್ರೆಸರ್ ಬೆಲೆ ಕೇಳಿದರೆ ನೀವೂ ನಿಲ್ಲುತ್ತೀರಿ. ಅದೇ ರೀತಿ 1234ವೈಎಫ್ ಗ್ಯಾಸ್ ಇರುವ ಗಾಡಿಗೂ ಬೇರೆ ಮೆಷಿನ್ ಬೇಕು. ಹೋಸ್ ತುದಿಯಲ್ಲಿ ಗಾಡಿಗೆ ಸಿಕ್ಕಿಸುವ ಕಪ್ಲರ್ ಸೈಜೇ ಬೇರೆ ಮಾಡಿಟ್ಟಿದ್ದಾರೆ. ಅಡಾಪ್ಟರ್ ಹಾಕಿ ಸಿಕ್ಕಿಸುವ ಬುದ್ಧಿವಂತಿಕೆ ಬೇಡ.

ಬೆಳಗಾವಿ ಎಸಿ

ಹಾಸನದವರೇ, ಕವರ್ ಬಿಚ್ಚಿದ್ದೀರಲ್ಲ, ಹಾಗೇ ಮೆಷಿನ್ ಒಳಗೆ ಗ್ಯಾಸಿನ ಪಸೆ ಹೀರುವ ಫಿಲ್ಟರ್ ಡ್ರೈಯರ್ ಕೂಡ ಬದಲಿಸಿ ಬಿಡಿ. ಹಳೇ ಮಾಲಕರು ಯಾವಾಗ ಬದಲಿಸಿದ್ದರೋ ಏನೋ. ಕಂಪನಿ ಪಾರ್ಟ್ ಸಿಗದಿದ್ದರೆ ಅದೇ ಥ್ರೆಡ್, ಅದೇ ಅಳತೆಯ ಫ್ಲೇರ್ ಡ್ರೈಯರ್ ಫ್ರಿಜ್ ಸಾಮಾನಿನ ಅಂಗಡಿಯಲ್ಲಿ ನೋಡಿ. 134ಎಗೆ ಆಗುತ್ತಾ ಅಂತ ಕೇಳಿ ತಗೊಳ್ಳಿ. ಬಾಣದ ಗುರುತು ಉಲ್ಟಾ ಆಗಬಾರದು. ಮುಚ್ಚಳ ತೆಗೆದು ಇಟ್ಟು ಟೀ ಕುಡಿಯಲು ಹೋಗಬೇಡಿ. ಅಷ್ಟರಲ್ಲಿ ಅದು ಹೊರಗಿನ ಪಸೆ ಕುಡಿದು ಮುಗಿಸಿರುತ್ತದೆ.

ಕಪ್ಲರ್‌ಗಳ ರಬ್ಬರ್ ಓ-ರಿಂಗ್ ಕೂಡ ನೋಡಿ. ನಾನು ವಾರಕ್ಕೊಮ್ಮೆ ಎರಡೂ ಹೋಸ್ ಮೆಷಿನ್‌ಗೇ ಸಿಕ್ಕಿಸಿ, ಗಾಡಿ ಇಲ್ಲದೆ, ಬರೀ ಮೆಷಿನ್ ವ್ಯಾಕ್ಯೂಮ್ ಮಾಡಿ ಅರ್ಧ ಗಂಟೆ ಬಿಡುತ್ತೇನೆ. ಮುಳ್ಳು ಅಲ್ಲಾಡಬಾರದು. ಅಲ್ಲಾಡಿದರೆ ಲೀಕ್ ನಮ್ಮದೇ. ಇದನ್ನ ಮಾಡದೆ ಗಿರಾಕಿಯ ಕೂಲಿಂಗ್ ಕಾಯಿಲ್ ಬಿಚ್ಚಿಸಿದವರನ್ನ ನೋಡಿದ್ದೇನೆ. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ, ಕೊನೆಗೆ ನೋಡಿದರೆ ಐದು ರೂಪಾಯಿ ರಿಂಗ್.

ಹಾಸನ ಗ್ಯಾರೇಜ್

ಅಪ್‌ಡೇಟ್. ಎಣ್ಣೆ ಎರಡು ಸಲ ಬದಲಿಸಿದೆ, ಈಗ ನೀರಿನ ಹಾಗೆ ತಿಳಿ. ನಾಲ್ಕು ಸಲ ಪರ್ಜ್ ಮಾಡಿದೆ. 105, 96, 89, 84, ಕೊನೆಗೆ 81ಕ್ಕೆ ಬಂದು ನಿಂತಿತು. ಗಾಳಿಯೇ ಇದ್ದದ್ದು ಅಂತ ಆಯ್ತು. ಡ್ರೈಯರ್ ಬದಲಿಸಿದೆ. ನೀಲಿ ಕಪ್ಲರ್ ರಿಂಗ್ ಒಣಗಿ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆ.

ಆಮೇಲೆ ಆ ಹ್ಯಾಚ್‌ಬ್ಯಾಕ್ ಗ್ಯಾಸ್ ಪೂರ್ತಿ ಎಳೆದೆ. 450 ಬಂತು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಳೆದರೆ ಮತ್ತೆ 15! 45 ನಿಮಿಷ ವ್ಯಾಕ್ಯೂಮ್, 20 ನಿಮಿಷ ಹಾಗೇ ಬಿಟ್ಟೆ, ಮುಳ್ಳು 26 ಮುಕ್ಕಾಲಿನ ಹತ್ತಿರ ಕೂತಿದ್ದು ಕದಲಲಿಲ್ಲ. 380 ಹಾಕಿದೆ. ನಿಂತಲ್ಲೇ ಹೈ ಸೈಡ್ 215, ಲೋ ಸೈಡ್ 34. ಗಿರಾಕಿ ಎನ್‌ಆರ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತು ಅಲ್ಲಿಂದಲೇ ಫೋನ್ ಮಾಡಿದರು, ಕೈ ಮರಗಟ್ಟುತ್ತಿದೆ ಅಂತ. ಉಳಿದ ಎರಡು ಗಾಡಿಯವರನ್ನೂ ಬರ ಹೇಳಿದ್ದೇನೆ, ದುಡ್ಡು ತಗೊಳ್ಳಲ್ಲ.

ಮಂಗಳೂರಿಗೂ ಫೋನ್ ಮಾಡಿದೆ. ಮೊದಲೇ ಜಗಳ ಆಡಿರಲಿಲ್ಲ, ಬಚಾವಾದೆ. ಲಾಕ್ ಸ್ಕ್ರೂ ಕೇಳಿದರೆ, ಅದು ಮ್ಯಾನುಯಲ್ ಜೊತೆ ಕವರಲ್ಲಿ ಇತ್ತಲ್ಲ, ನೀವು ಆ ಕವರ್ ಇಲ್ಲೇ ಬಿಟ್ಟು ಹೋದಿರಿ ಅಂದರು.

ಕುಡ್ಲ ಕೂಲಿಂಗ್

ಆ ವರ್ಕ್‌ಶಾಪ್ ಎಲ್ಲಿ ಅಂತ ನನಗೆ ಮೆಸೇಜ್ ಮಾಡಿ ಮಾರಾಯ್ರೆ. ನಾಳೆ ನಾನು ಹೋಗಿ ಕವರ್ ತಗೊಂಡು ಹಾಸನ ಬಸ್ಸಿಗೆ ಪಾರ್ಸೆಲ್ ಹಾಕ್ತೇನೆ. ಸ್ಕ್ರೂಗೆ ಕೇಬಲ್ ಟೈ ಕಟ್ಟಿ ಕಳಿಸ್ಲಿಕ್ಕಾ?